ಗೋಡೆ ಮತ್ತು ನೆಲ: ಒಬ್ಬ ಹವ್ಯಾಸಿ ಛಾಯಾಗ್ರಾಹಕನ ಮಾತು



ಹಂಪಿಯ ವಿರೂಪಾಕ್ಷ ಗುಡಿಯಲ್ಲಿ, ಗರ್ಭಗುಡಿಯ ಹಿಂಬದಿಗೆ, ಒಂದು ಕತ್ತಲೆ ಕೋಣೆ ಇದೆ. ನಿಮ್ಮಲ್ಲಿ ಬಹಳ ಜನ ಅಲ್ಲಿಗೆ ಹೋಗಿ ಬಂದಿರುತ್ತೀರಿ. ಅದರ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಹೊರಗೆ ಬಿಸಿಲು ಚೆನ್ನಾಗಿದ್ದರೆ ಪೂರ್ವದಿಕ್ಕಿನ ಒಂಬತ್ತು ಅಂತಸ್ತಿನ ಗೋಪುರ ಆ ಕಿಂಡಿಯಲ್ಲಿ ನುಸುಳಿ ಬಂದು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಸುಮಾರು ಐವತ್ತು ಮೀಟರ್ ಎತ್ತರದ ಗೋಪುರ ಒಳಗೆ ಬರುವಾಗ ಮಗುವಿನಷ್ಟು ಚಿಕ್ಕದಾಗಿರುತ್ತದೆ. ಕಳಸ ಕೆಳಗೆ, ಬಾಗಿಲು ಮೇಲೆ. ಒಳಗೆ ಹೋದ ಕೂಡಲೇ ಏನೂ ಕಾಣುವುದಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ಆ ಒಂದೆರಡು ನಿಮಿಷ ನಿಲ್ಲುವ ತಾಳ್ಮೆಯಿಲ್ಲದವರು ಮೊಬೈಲಿನ ಬೆಳಕು ಹಚ್ಚುತ್ತಾರೆ. ಹಚ್ಚಿದರೆ ಗೋಪುರ ಹೋಯಿತು, ಉಳಿಯುವುದು ಬರೀ ಗೋಡೆ.

ಕ್ಯಾಮೆರಾ ಎಂಬ ಮಾತಿಗೆ ಲ್ಯಾಟಿನ್ ಭಾಷೆಯಲ್ಲಿ ಕೋಣೆ ಎಂದೇ ಅರ್ಥ. ನಮ್ಮ ಕೈಯಲ್ಲಿರುವುದು ವಿರೂಪಾಕ್ಷನ ಆ ಕೋಣೆಯೇ, ಜೇಬಿಗೆ ಹಿಡಿಸುವಷ್ಟು ಸಣ್ಣದಾಗಿದೆ ಅಷ್ಟೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದವನು. ಫೋಟೋ ತೆಗೆದು ಒಂದು ರೂಪಾಯಿ ಸಂಪಾದಿಸಿದವನಲ್ಲ. ಭಾನುವಾರಗಳಲ್ಲಿ, ರಜೆಗಳಲ್ಲಿ, ವರ್ಗಾವಣೆಯಾದ ಊರುಗಳಲ್ಲಿ ಗುಡಿ, ಕೋಟೆ, ಗುಮ್ಮಟ, ಗುಡ್ಡ ಇವನ್ನು ನೋಡುತ್ತ ನಲವತ್ತು ವರ್ಷಕ್ಕೂ ಮೀರಿ ಕಳೆದಿದ್ದೇನೆ. ಅಷ್ಟು ಕಾಲದಲ್ಲಿ ನನಗೆ ಮನವರಿಕೆಯಾದದ್ದು ಒಂದೇ ಮಾತು: ಕಟ್ಟಡದ ಚಿತ್ರ ಬೇರೆ, ನಿಸರ್ಗದ ಚಿತ್ರ ಬೇರೆ ಎಂದು ನಾವು ಹಾಕಿಕೊಂಡಿರುವ ಗೆರೆಯನ್ನು ನಮ್ಮ ನಾಡಿನ ಕಲ್ಲು ಒಪ್ಪುವುದಿಲ್ಲ. ಅದನ್ನು ನನಗೆ ಮೊದಲು ಹೇಳಿಕೊಟ್ಟವರು, ತಾವು ಹೇಳಿಕೊಡುತ್ತಿದ್ದೇವೆ ಎಂದು ತಿಳಿಯದೆಯೇ, ನಮ್ಮಪ್ಪ.

ನಮ್ಮಪ್ಪ ವಿಜಾಪುರದಲ್ಲಿ ಗಾರೆ ಕೆಲಸದ ಮೇಸ್ತ್ರಿ. 1979ರಲ್ಲಿ ನನ್ನ ಮೊದಲ ಸಂಬಳದ ಉಳಿತಾಯದಲ್ಲಿ ಒಂದು ಹಳೆಯ ಆಗ್ಫಾ ಕ್ಲಿಕ್ ಕ್ಯಾಮೆರಾ ಕೊಂಡೆ. ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ. ಹನ್ನೆರಡರಲ್ಲಿ ಒಂಬತ್ತನ್ನು ಗೋಳಗುಮ್ಮಟಕ್ಕೇ ಸುರಿದೆ. ರೋಲು ತೊಳೆಸಿ, ಪ್ರಿಂಟು ಹಾಕಿಸಿ ತಂದು ಅಪ್ಪನ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದರು. ಆಮೇಲೆ ಕೇಳಿದರು: "ಗ್ವಾಡಿ ಗುಂಡಿಗಿಲ್ಲಲ್ಲೋ ತಮ್ಮಾ. ಅದು ಅಷ್ಟು ವರ್ಷದಿಂದ ನೆಟ್ಟಗ ನಿಂತೈತಿ, ನೀ ಯಾಕ ವಾಲಿಸಿದಿ?"

ಗುಂಡು ಎಂದರೆ ಮೇಸ್ತ್ರಿಗಳ ತೂಗುಗುಂಡು. ದಾರಕ್ಕೆ ಕಟ್ಟಿದ ಕಬ್ಬಿಣದ ಗುಂಡನ್ನು ಗೋಡೆಯ ಪಕ್ಕಕ್ಕೆ ಇಳಿಬಿಟ್ಟು, ಗೋಡೆ ನೆಟ್ಟಗಿದೆಯೇ ಎಂದು ನೋಡುವುದು. ನನ್ನ ಒಂಬತ್ತು ಚಿತ್ರಗಳಲ್ಲೂ ಮೂಲೆಯ ಮಿನಾರುಗಳು ಮೇಲೆ ಹೋಗುತ್ತ ಒಂದರ ಕಡೆಗೊಂದು ಬಾಗಿದ್ದವು. ಗುಮ್ಮಟವನ್ನು ಪೂರ್ತಿ ಹಿಡಿಸುವ ಆಸೆಗೆ ಬುಡದಲ್ಲೇ ನಿಂತು ಕ್ಯಾಮೆರಾದ ಮೂತಿಯನ್ನು ಮೇಲಕ್ಕೆತ್ತಿದ್ದೆ. ಮೂತಿ ಎತ್ತಿದರೆ ಒಳಗಿನ ಫಿಲ್ಮು ಗೋಡೆಗೆ ಸಮಾಂತರವಾಗಿ ಉಳಿಯುವುದಿಲ್ಲ, ಬುಡ ಅಗಲವಾಗಿ ತುದಿ ಕಿರಿದಾಗಿ ಬೀಳುತ್ತದೆ. ದೊಡ್ಡ ಕಟ್ಟಡದ ಫೋಟೋ ತೆಗೆದ ಪ್ರತಿಯೊಬ್ಬರೂ ಈ ಕಷ್ಟವನ್ನು ಬಲ್ಲರು. ಹಳೆಯ ಮರದ ಕ್ಯಾಮೆರಾಗಳಲ್ಲಿ ಲೆನ್ಸಿನ ಹಲಗೆಯನ್ನಷ್ಟೇ ಮೇಲಕ್ಕೆ ಸರಿಸುವ ಅನುಕೂಲವಿತ್ತು. ಈಗ ಅದಕ್ಕೆಂದೇ ದುಬಾರಿ ಶಿಫ್ಟ್ ಲೆನ್ಸುಗಳಿವೆ, ಕಂಪ್ಯೂಟರಿನಲ್ಲಿ ಗೋಡೆಯನ್ನು ಎಳೆದು ನಿಲ್ಲಿಸುವ ಸಾಫ್ಟ್‌ವೇರುಗಳಿವೆ. ನನ್ನ ಹತ್ತಿರ ಆಗ ಇದ್ದದ್ದು ಎರಡು ಕಾಲು. ಹಿಂದಕ್ಕೆ ನಡೆದೆ. ಕ್ಯಾಮೆರಾವನ್ನು ರಸಮಟ್ಟ ಇಟ್ಟ ಹಾಗೆ ಸಮನಾಗಿ ಹಿಡಿದು, ಗುಮ್ಮಟ ಪೂರ್ತಿ ಚೌಕದೊಳಗೆ ಬರುವ ತನಕ ನಡೆದೆ.

ಆಗ ಒಂದು ಸಂಗತಿ ನಡೆಯಿತು. ಕ್ಯಾಮೆರಾ ಮಟ್ಟವಾಗಿದ್ದರೆ ದಿಗಂತದ ಗೆರೆ ಚಿತ್ರದ ನಟ್ಟನಡುವೆ ಬರುತ್ತದೆ. ಮೇಲಿನ ಅರ್ಧ ಕಟ್ಟಡ ಮತ್ತು ಆಕಾಶ. ಕೆಳಗಿನ ಅರ್ಧ ನೆಲ. ಗೋಡೆಯನ್ನು ನೆಟ್ಟಗೆ ನಿಲ್ಲಿಸಬೇಕೆಂದರೆ ನೆಲಕ್ಕೆ ಅರ್ಧ ಚಿತ್ರವನ್ನು ಬಿಟ್ಟುಕೊಡಬೇಕು! ಮೊದಮೊದಲು ಈ ಅರ್ಧವನ್ನು ನಾನು ಕತ್ತರಿಸಿ ಎಸೆಯುತ್ತಿದ್ದೆ. ಬರಬರುತ್ತ ಅದರಲ್ಲಿ ಏನಿದೆ ಎಂದು ನೋಡತೊಡಗಿದೆ. ನನ್ನ ಮಟ್ಟಿಗೆ ಸೃಜನಶೀಲತೆ ಎಂಬುದು ಆ ಅರ್ಧ ಚೌಕದಲ್ಲಿ ಶುರುವಾಯಿತು.

ಮುಹಮ್ಮದ್ ಆದಿಲ್ ಶಾಹನ ಗೋರಿಯ ಮೇಲಿನ ಆ ಗುಮ್ಮಟದ ಹೊರ ವ್ಯಾಸ ಸುಮಾರು 144 ಅಡಿ. ಈ ಅಂಕಿಯನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಅಂಕಿ ಎಷ್ಟು ದೊಡ್ಡದೆಂದು ನನಗೆ ಗೊತ್ತಾದದ್ದು ಮಾತ್ರ ಒಂದು ಎಳ್ಳಮಾಸಿಯ ದಿನ, ಊರ ಹೊರಗಿನ ಬಿಳಿಜೋಳದ ಹೊಲದಲ್ಲಿ. ಚರಗ ಚೆಲ್ಲಿ, ಬುತ್ತಿ ಬಿಚ್ಚಿ ಎಲ್ಲರೂ ಊಟಕ್ಕೆ ಕೂತಿದ್ದರು. ನಾನೂ ನೆಲದ ಮೇಲೆಯೇ ಕೂತಿದ್ದರಿಂದ ಕಣ್ಣು ಜೋಳದ ದಂಟಿನ ನಡುವಿನ ಎತ್ತರದಲ್ಲಿತ್ತು. ದಂಟುಗಳ ಸಂದಿನಲ್ಲಿ, ಬಹಳ ದೂರದಲ್ಲಿ, ತೆನೆಗಳಷ್ಟೇ ಎತ್ತರಕ್ಕೆ ಒಂದು ಬೂದುಬಣ್ಣದ ದುಂಡು ಆಕಾರ. ಸುತ್ತಲೂ ಎತ್ತರವಾದದ್ದು ಏನೂ ಇಲ್ಲದ ಕರಿಯೆರೆ ಬಯಲು. ಅಂಥ ಬಯಲಲ್ಲಿ ಕಟ್ಟಿದ್ದಕ್ಕೇ ಅದು ಅಷ್ಟು ದೊಡ್ಡದು. ಬಯಲಿನ ಕೆಳಗಿನ ಕರಿಗಲ್ಲೇ ಗುಮ್ಮಟದ ಗೋಡೆಯಾಗಿದೆ, ಅದೇ ಜಾತಿಯ ಕಲ್ಲು ಸವೆದು ಹೊಲದ ಮಣ್ಣಾಗಿದೆ. ಆವತ್ತು ಒಂದೇ ಒಂದು ಚಿತ್ರ ತೆಗೆದೆ. ಮುಂದೆ ತೆನೆ, ಹಿಂದೆ ಗುಮ್ಮಟ. ಅಪ್ಪ ಅದನ್ನು ನೋಡಿ ಏನೂ ಹೇಳಲಿಲ್ಲ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು.

ಹವ್ಯಾಸಿ ಎಂಬ ಮಾತನ್ನು ನಾವು ಸ್ವಲ್ಪ ಸಣ್ಣ ದನಿಯಲ್ಲಿ ಹೇಳುತ್ತೇವೆ. ಕರ್ನಾಟಕದ ಕಟ್ಟಡಗಳ ಛಾಯಾಗ್ರಹಣ ಆರಂಭವಾದದ್ದೇ ಬೇರೆ ಉದ್ಯೋಗದಲ್ಲಿದ್ದವರಿಂದ ಎಂಬುದನ್ನು ನೆನೆದರೆ ದನಿ ಏರೀತು. 1850ರ ದಶಕದಲ್ಲಿ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದ ಆಂಡ್ರ್ಯೂ ನೀಲ್ ವೈದ್ಯರು. ವಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆದ ಥಾಮಸ್ ಬಿಗ್ಸ್ ಫಿರಂಗಿ ದಳದ ಅಧಿಕಾರಿ. ಇವರ ಜೊತೆಗೆ ಪಿಗೌ ಎಂಬ ಇನ್ನೊಬ್ಬ ವೈದ್ಯರ ಚಿತ್ರಗಳೂ ಸೇರಿ 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ದೊಡ್ಡ ಗ್ರಂಥ ಹೊರಬಂತು. ಆದರೆ ನನ್ನ ಮನಸ್ಸಿಗೆ ಎಲ್ಲರಿಗಿಂತ ಹತ್ತಿರದವರು ಅಲೆಕ್ಸಾಂಡರ್ ಗ್ರೀನ್‌ಲಾ. ಮದ್ರಾಸ್ ಸೈನ್ಯದ ಅಧಿಕಾರಿ. 1856ರಲ್ಲಿ ಹಂಪಿಗೆ ಬಂದು ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಇಡೀ ಪಾಳುಪಟ್ಟಣದ ಚಿತ್ರ ತೆಗೆದವರು.

ಆ ವಿಧಾನವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಳ್ಳೆಯ ಕಾಗದಕ್ಕೆ ಜೇನುಮೇಣ ಕುಡಿಸಿ, ಬೆಳ್ಳಿಯ ಲವಣಗಳಲ್ಲಿ ಅದ್ದಿ ಒಣಗಿಸುವುದು. ಗಾಜಿನ ಫಲಕವಾದರೆ ಹಸಿಯಿರುವಾಗಲೇ ಚಿತ್ರ ತೆಗೆದು ಅಲ್ಲಿಯೇ ತೊಳೆಯಬೇಕಿತ್ತು. ಮೇಣದ ಕಾಗದವನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡು ಊರೂರಿಗೆ ಒಯ್ಯಬಹುದಿತ್ತು. ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು. ಆದರೆ ಬೆಳಕಿಗೆ ಅದು ಬಹಳ ನಿಧಾನ, ಲೆನ್ಸಿನ ಮುಚ್ಚಳವನ್ನು ನಿಮಿಷಗಟ್ಟಲೆ ತೆರೆದಿಡಬೇಕು. ಅಷ್ಟು ಹೊತ್ತಿನಲ್ಲಿ ಓಡಾಡುವ ಮನುಷ್ಯರು ಗುರುತೂ ಇಲ್ಲದೆ ಅಳಿಸಿಹೋಗುತ್ತಾರೆ, ಅಲುಗುವ ಎಲೆ ಮಂಜಾಗುತ್ತದೆ, ಕದಲದೆ ನಿಂತ ಕಲ್ಲು ಮಾತ್ರ ಸೂಜಿಮೊನೆಯಷ್ಟು ಚೂಪಾಗಿ ಬೀಳುತ್ತದೆ. ಆ ಕಾಲದ ನೆಗೆಟಿವ್‌ಗಳು ನೀಲಿ ಬೆಳಕಿಗೇ ಹೆಚ್ಚು ಓಗೊಡುತ್ತಿದ್ದುದರಿಂದ ಆಕಾಶ ಬರಿಯ ಬಿಳಿಯಾಗುತ್ತಿತ್ತು, ಮೋಡವೇ ಇಲ್ಲ. ಇದೆಲ್ಲ ಕೊರತೆ ಎಂದೇ ಹೇಳಬಹುದು. ಆದರೆ ಗ್ರೀನ್‌ಲಾ ಆ ಬಿಳಿ ಆಕಾಶವನ್ನು ರಂಗೋಲಿಯ ಅಂಗಳದ ಹಾಗೆ ಬಳಸಿದ್ದಾರೆ. ಬಂಡೆಯ ಅಂಚು, ಮಂಟಪದ ಅಂಚು ಎರಡೂ ಆ ಬಿಳಿಯ ಮೇಲೆ ಒಂದೇ ಗೆರೆಯಾಗಿ ಹರಿಯುತ್ತವೆ. ಎಲ್ಲಿ ಗುಡ್ಡ ಮುಗಿದು ಗುಡಿ ಶುರುವಾಯಿತೆಂದು ಹುಡುಕಬೇಕು.

ಅವರ ಕಲ್ಲಿನ ರಥದ ಚಿತ್ರವನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ವಿಜಯವಿಠ್ಠಲ ಗುಡಿಯ ಅಂಗಳದ ಆ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ! ಈಗ ಅದು ಇಲ್ಲ. ನಾವು ಐವತ್ತು ರೂಪಾಯಿ ನೋಟಿನ ಮೇಲೂ ನೋಡುವ ರಥ ಬೋಳುನೆತ್ತಿಯದು. 1856ರಲ್ಲಿ ಒಬ್ಬ ಹವ್ಯಾಸಿ ಅಲ್ಲಿ ನಿಂತು ಮುಚ್ಚಳ ತೆಗೆದದ್ದರಿಂದ ಆ ಶಿಖರ ಹೇಗಿತ್ತೆಂದು ನಾವು ಕಣ್ಣಾರೆ ನೋಡಬಹುದು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಗೊತ್ತಾಗುತ್ತದೆ, ಬಂಡೆಗಳು ಇದ್ದಲ್ಲೇ ಇವೆ, ಮನುಷ್ಯ ಇಟ್ಟದ್ದು ಮಾತ್ರ ಕದಲಿದೆ.

ದೂರದೇಶದ ಇಬ್ಬರನ್ನು ಇಲ್ಲಿ ನೆನೆಯುತ್ತೇನೆ. ಲಂಡನ್ನಿನ ಫ್ರೆಡರಿಕ್ ಇವಾನ್ಸ್ ಪುಸ್ತಕದಂಗಡಿ ನಡೆಸುತ್ತಿದ್ದವರು. ಅಂಗಡಿ ಬಿಟ್ಟ ಮೇಲೆ ಇಂಗ್ಲೆಂಡಿನ ಹಳೆಯ ಚರ್ಚುಗಳ ಒಳಗೇ ಬದುಕಿದರು ಎನ್ನಬಹುದು. 1903ರಲ್ಲಿ ವೆಲ್ಸ್ ಪಟ್ಟಣದ ಕ್ಯಾಥೆಡ್ರಲಿನಲ್ಲಿ ತೆಗೆದ ಅವರ ಪ್ರಸಿದ್ಧ ಚಿತ್ರದಲ್ಲಿ ಇರುವುದು ಒಂದು ಕಲ್ಲಿನ ಮೆಟ್ಟಿಲಸಾಲು. ನೂರಾರು ವರ್ಷ ಜನ ತುಳಿದು ಪಾವಟಿಗೆಗಳ ನಡುಭಾಗ ಸವೆದು ತಗ್ಗಾಗಿದೆ. ಆ ಸವೆದ ಮೆಟ್ಟಿಲುಗಳು ಏರಿಬರುವ ಅಲೆಗಳ ಹಾಗೆ ಕಂಡು, ಚಿತ್ರಕ್ಕೆ ಮೆಟ್ಟಿಲುಗಳ ಕಡಲು ಎಂಬರ್ಥದ ಹೆಸರಿಟ್ಟರು. ಪ್ಲಾಟಿನಂ ಕಾಗದದ ಮೇಲೆ ಪ್ರಿಂಟು ಹಾಕುತ್ತಿದ್ದವರು, ಆ ಕಾಗದ ಸಿಗದಂತಾದಾಗ ಛಾಯಾಗ್ರಹಣವನ್ನೇ ಬಿಟ್ಟರು. ಇನ್ನೊಬ್ಬರು ಅಮೆರಿಕದ ಆನ್ಸೆಲ್ ಆಡಮ್ಸ್. 1927ರ ಏಪ್ರಿಲ್‌ನಲ್ಲಿ, ಪಿಯಾನೋ ವಾದಕನಾಗಬೇಕೆಂಬ ಹಂಬಲ ಇನ್ನೂ ಇದ್ದಾಗ, ಯೋಸೆಮಿಟಿಯ ಹಾಫ್ ಡೋಮ್ ಎಂಬ ಬಂಡೆಬೆಟ್ಟದ ಎದುರು ನಿಂತಿದ್ದರು. ಉಳಿದದ್ದು ಎರಡೇ ಫಲಕ. ಹಳದಿ ಫಿಲ್ಟರಿನಲ್ಲಿ ಒಂದನ್ನು ತೆಗೆದ ಮೇಲೆ, ಬೆಟ್ಟ ತನ್ನ ಮನಸ್ಸಿನಲ್ಲಿ ಕಂಡ ಹಾಗೆ ಇದರಲ್ಲಿ ಬಂದಿರುವುದಿಲ್ಲ ಎನ್ನಿಸಿತು. ಕೊನೆಯ ಫಲಕಕ್ಕೆ ಕಡುಗೆಂಪು ಫಿಲ್ಟರು ಹಾಕಿದರು. ಆಕಾಶ ಕಪ್ಪಾಯಿತು, ಬೆಟ್ಟ ಗೋಡೆಯಂತೆ ಎದ್ದು ನಿಂತಿತು. ಒಬ್ಬರು ಮೆಟ್ಟಿಲಲ್ಲಿ ಕಡಲನ್ನು ಕಂಡರು, ಇನ್ನೊಬ್ಬರು ಬೆಟ್ಟವನ್ನು ಕಟ್ಟಡವಾಗಿ ಎಬ್ಬಿಸಿದರು. ನನ್ನಂಥ ಗುಮಾಸ್ತನಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ.

ಈಗ ಬಾದಾಮಿಗೆ ಬರುತ್ತೇನೆ. ಅಲ್ಲಿನ ಶಾಖೆಯಲ್ಲಿ ಮೂರು ವರ್ಷ ಇದ್ದೆ. ಸಂಜೆ ಅಗಸ್ತ್ಯತೀರ್ಥದ ದಂಡೆಗೆ ಹೋಗುವುದು ರೂಢಿ. ಕೆರೆಯ ಪೂರ್ವದ ತುದಿಗೆ ಭೂತನಾಥ ಗುಡಿ, ಪಡುವಣ ಬಿಸಿಲು ನೇರ ಅದರ ಮುಖಕ್ಕೆ ಬೀಳುತ್ತದೆ. ಗುಡಿ, ಬೆಟ್ಟ, ನೀರಿನಲ್ಲಿ ಎರಡರ ನೆರಳು. ಎಲ್ಲರೂ ತೆಗೆಯುವ ಚಿತ್ರ, ನಾನೂ ತೆಗೆದಿದ್ದೇನೆ, ತೆಗೆಯಬೇಕಾದದ್ದೇ. ಆದರೆ ನನ್ನನ್ನು ಮೂರು ವರ್ಷ ಹಿಡಿದು ನಿಲ್ಲಿಸಿದ್ದು ಮೂರನೆಯ ಗುಹೆ. ಚಾಲುಕ್ಯ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಮಾಡಿಸಿದ್ದು, ಅಲ್ಲಿನ ಶಾಸನದ ಕಾಲ ಕ್ರಿ.ಶ. 578. ಕಟ್ಟಿದ ಗುಡಿಯಲ್ಲ, ಬೆಟ್ಟದ ಮರಳುಗಲ್ಲನ್ನು ಒಳಗೊಳಗೇ ಕೊರೆದು ತೆಗೆದದ್ದು. ಆದ್ದರಿಂದ ಅಲ್ಲಿನ ಕಂಬಗಳನ್ನು ಯಾರೂ ತಂದು ನಿಲ್ಲಿಸಿಲ್ಲ. ಸುತ್ತಲ ಕಲ್ಲನ್ನು ತೆಗೆದಾಗ ಉಳಿದವು ಅವು.

ಒಂದು ಮಧ್ಯಾಹ್ನ ಪಡಸಾಲೆಯ ನೆರಳಿನಲ್ಲಿ ಸುಮ್ಮನೆ ಕೂತಿದ್ದೆ. ಒಂದು ಕಂಬದ ಮೈಮೇಲೆ ಕಾವಿಬಣ್ಣದ ಒಂದು ಪಟ್ಟೆ, ಅದರ ಕೆಳಗೆ ನಸುಹಳದಿ, ಅದರ ಕೆಳಗೆ ನೇರಳೆ ಕಲೆಸಿದ ಕೆಂಪು. ಪಕ್ಕದ ಕಂಬಕ್ಕೆ ಕಣ್ಣು ಹಾಯಿಸಿದೆ. ಅದೇ ಎತ್ತರದಲ್ಲಿ ಅದೇ ಪಟ್ಟೆ. ಅದರಾಚೆಯ ಕಂಬದಲ್ಲೂ ಅದೇ. ಕೋಟ್ಯಂತರ ವರ್ಷದ ಹಿಂದೆ ಮರಳು ಪದರಪದರವಾಗಿ ಕೂತು ಕಲ್ಲಾದ ಗೆರೆಗಳು ಅವು. ಶಿಲ್ಪಿಯ ಉಳಿ ಅವನ್ನು ಕಡಿದು ಹೋಗಿದೆ, ಗೆರೆ ಮಾತ್ರ ಕಡಿದಿಲ್ಲ. ಕೆತ್ತಿದ ಮೈಯ ಮೇಲೂ ಹಾದು, ಕಂಬದಿಂದ ಕಂಬಕ್ಕೆ ದಾಟಿ, ಗುಹೆಯ ಅಂಚಿನಿಂದ ಹೊರಬಿದ್ದು ಬೆಟ್ಟದ ಬರಿಮೈಗೆ ಸೇರುತ್ತದೆ. ಈ ಗೆರೆಯನ್ನು ಒಳಗಿನಿಂದ ಹೊರಗಿನವರೆಗೆ ಒಂದೇ ಚಿತ್ರದಲ್ಲಿ ಹಿಡಿಯಬೇಕು ಎಂದು ಆವತ್ತು ನಿಶ್ಚಯಿಸಿದೆ.

ಸುಲಭವಾಗಿರಲಿಲ್ಲ. ಬಿಸಿಲಿದ್ದ ದಿನ ಹೊರಗಿನ ಬೆಟ್ಟ ಉರಿಯುತ್ತದೆ, ಒಳಗಿನ ಕಂಬ ಕತ್ತಲಲ್ಲಿ ಮುಳುಗುತ್ತದೆ; ಒಂದಕ್ಕೆ ಎಕ್ಸ್‌ಪೋಷರ್ ಸರಿಯಾದರೆ ಇನ್ನೊಂದು ಹಾಳು. ಮೋಡ ಕವಿದ ದಿನ ಒಳಹೊರಗಿನ ಅಂತರ ತಗ್ಗುತ್ತದೆ, ಆದರೆ ಗಾಳಿಬಿಸಿಲಿಗೆ ಮಾಸಿದ ಹೊರಗಿನ ಕಲ್ಲು ಸಪ್ಪೆಯಾಗಿ ಕಂಡು ಪಟ್ಟೆಯೇ ಮರೆಯಾಗುತ್ತದೆ. ಎರಡನೆಯ ವರ್ಷದ ಮಳೆಗಾಲದಲ್ಲಿ ಹೊಳೆಯಿತು: ಹೊರಗಿನ ಕಲ್ಲು ಒದ್ದೆಯಾಗಬೇಕು. ನೀರು ಬಿದ್ದರೆ ಮರಳುಗಲ್ಲಿನ ಬಣ್ಣ ಗಾಢವಾಗುತ್ತದೆ. ಮಳೆ ನಿಂತ ಮೇಲೆ, ಬಿಸಿಲು ಬರುವ ಮುಂಚೆ, ಕಲ್ಲು ಆರುವ ಮುಂಚೆ ಒಂದು ಸಣ್ಣ ಅವಧಿ ಸಿಗುತ್ತದೆ. ಬಾದಾಮಿಯಲ್ಲಿ ಮಳೆಯೇ ಅಪರೂಪ, ಅದು ಭಾನುವಾರ ಹಗಲೇ ಬರಬೇಕು. ಮೂರನೆಯ ವರ್ಷ, ವರ್ಗಾವಣೆಯ ಆದೇಶ ಕೈಗೆ ಬಂದ ಮೇಲೆ, ಒಂದು ಆಗಸ್ಟ್ ಮಧ್ಯಾಹ್ನ ಬಂತು. ಮೂರು ಚಿತ್ರ ತೆಗೆದೆ, ಎರಡನೆಯದು ಬಂದಿದೆ. ವೃತ್ತಿಯವರಿಗೆ ಗಿರಾಕಿಯ ತಾರೀಖು ಇರುತ್ತದೆ. ಒಂದು ಪಟ್ಟೆಗಾಗಿ ಮೂರು ಮಳೆಗಾಲ ಕಾಯುವುದು ಹವ್ಯಾಸಿಗೆ ಮಾತ್ರ ಸಾಧ್ಯ. ನಮ್ಮ ಬಂಡವಾಳ ಅದೊಂದೇ, ಅದನ್ನು ನಾವು ಧಾರಾಳವಾಗಿ ಖರ್ಚು ಮಾಡಬೇಕು.

ಹೊಯ್ಸಳರ ಗುಡಿಗಳ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ನಕ್ಷತ್ರಾಕಾರದ ತಳವಿನ್ಯಾಸದಿಂದಾಗಿ ಗೋಡೆಯ ಒಂದೊಂದು ಮಡಿಕೆಯೂ ಒಂದೊಂದು ದಿಕ್ಕಿಗೆ ತಿರುಗಿದೆ, ಹೀಗಾಗಿ ಸೂರ್ಯ ದಿನವಿಡೀ ಒಂದಾದಮೇಲೊಂದು ಮಡಿಕೆಯನ್ನು ಓದುತ್ತ ಹೋಗುತ್ತಾನೆ. ಅಲ್ಲಿ ಛಾಯಾಗ್ರಾಹಕ ತಿರುಗಬೇಕಾಗಿಲ್ಲ, ಒಂದು ಕಡೆ ಕೂತರೆ ಸಾಕು.

ಹಂಪಿಯಲ್ಲಿ ನಾನು ಬಹಳ ಕಾಲ ತಪ್ಪು ಜಾಗವನ್ನೇ ನೋಡುತ್ತಿದ್ದೆ. ಮಾತಂಗಬೆಟ್ಟದ ಸೂರ್ಯೋದಯ, ಕಲ್ಲಿನ ರಥ, ಕಮಲಮಹಲು. ಒಂದು ಚಳಿಗಾಲದ ಬೆಳಿಗ್ಗೆ ಕಾಲುದಾರಿಯಲ್ಲಿ ಒಂದು ಬಂಡೆಯ ಮೇಲೆ ಚಹಾದ ಲೋಟ ಇಟ್ಟಾಗ ಅದರ ಮೈಮೇಲೆ ಸಾಲಾಗಿ ಕೊರೆದ ಗುಳಿಗಳು ಕಂಡವು. ಅಂಗುಲಗಳ ಅಂತರದಲ್ಲಿ, ಹೊಲಿಗೆಯ ಹಾಗೆ. ಬೆಣೆ ಹೊಡೆದು ಬಂಡೆ ಸೀಳಲು ಕಲ್ಲುಕುಟಿಗರು ಕೊರೆದದ್ದು. ಯಾಕೋ ಸೀಳದೆ ಹಾಗೆಯೇ ಬಿಟ್ಟುಹೋಗಿದ್ದಾರೆ. ಬೆಳಗಿನ ಓರೆ ಬಿಸಿಲಿನಲ್ಲಿ ಒಂದೊಂದು ಗುಳಿಯಲ್ಲೂ ಒಂದೊಂದು ತೊಟ್ಟು ನೆರಳು ತುಂಬಿತ್ತು. ಒಂಬತ್ತು ಗಂಟೆಯ ಹೊತ್ತಿಗೆ ನೆರಳು ಬತ್ತಿ ಸಾಲು ಕಣ್ಮರೆಯಾಯಿತು. ಮರುದಿನ ಮತ್ತೆ ಹೋಗಿ ನೆಲಕ್ಕೆ ಬಾಗಿ ಕೂತು, ಗುಳಿಗಳ ಸಾಲನ್ನು ಮುಂದಿಟ್ಟುಕೊಂಡು, ಅದರ ನೇರಕ್ಕೆ ದೂರದ ಮಂಟಪದ ಕಂಬಸಾಲನ್ನು ನಿಲ್ಲಿಸಿ ಚಿತ್ರ ತೆಗೆದೆ. ಬಂಡೆ ಕಂಬವಾಗುವ ದಾರಿ ಅದರಲ್ಲಿದೆ.

ಇಲ್ಲಿ ಒಂದು ತಪ್ಪೊಪ್ಪಿಗೆ. ಹೊಸಪೇಟೆಯಲ್ಲಿದ್ದ ನಾಲ್ಕು ವರ್ಷಗಳಲ್ಲಿ ವಿರೂಪಾಕ್ಷ ಬಜಾರಿನ ಉದ್ದಕ್ಕೂ ಎಷ್ಟು ಸಲ ನಡೆದಿದ್ದೇನೋ ಲೆಕ್ಕವಿಲ್ಲ. ಆಗ ಅಲ್ಲಿನ ಹಳೆಯ ಕಲ್ಲುಮಂಟಪಗಳಲ್ಲಿ ಜನ ವಾಸವಿದ್ದರು. ಕಂಬಕ್ಕೆ ಆತುಕೊಂಡ ತಗಡಿನ ಅಂಗಡಿ, ಕಂಬದಿಂದ ಕಂಬಕ್ಕೆ ಕಟ್ಟಿದ ಬಟ್ಟೆ ಒಣಗಿಸುವ ಹಗ್ಗ, ಇಡ್ಲಿಯ ಹಬೆ, ಬಾಳೆಹಣ್ಣಿನ ಗೊನೆ, ವಿದ್ಯುತ್ ತಂತಿ. ನಾನು ಪ್ರತಿಸಲವೂ ಅವೆಲ್ಲ ಚೌಕದ ಹೊರಗುಳಿಯುವ ಹಾಗೆ ಎಚ್ಚರದಿಂದ ನಿಲ್ಲುತ್ತಿದ್ದೆ. ತಂತಿ ಬಂದರೆ ಚಿತ್ರ ಕೆಟ್ಟಿತು ಎಂದು ನಂಬಿದ್ದೆ. ಡಿಜಿಟಲ್ ಬಂದ ಮೇಲಂತೂ ಉಳಿದ ಒಂದೆರಡು ತಂತಿಗಳನ್ನೂ ಕಂಪ್ಯೂಟರಿನಲ್ಲಿ ಅಳಿಸಿದೆ. 2011ರಲ್ಲಿ ಆ ಮನೆ, ಅಂಗಡಿಗಳನ್ನು ತೆರವು ಮಾಡಿದರು. ತೆರವು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಆವತ್ತು ರಾತ್ರಿ ನನ್ನ ನೆಗೆಟಿವ್‌ಗಳ ಪೆಟ್ಟಿಗೆ ತೆರೆದು ಹುಡುಕಿದೆ. ಗೋಪುರದ ಚಿತ್ರ ಇನ್ನೂರಕ್ಕೂ ಹೆಚ್ಚು. ನನಗೆ ದಿನಾ ಚಹಾ ಕೊಟ್ಟ ಮನೆಯ ಚಿತ್ರ ಒಂದೂ ಇಲ್ಲ. ಗ್ರೀನ್‌ಲಾ ಮನುಷ್ಯರನ್ನು ಕಳೆದುಕೊಂಡದ್ದು ಕಾಗದದ ನಿಧಾನದಿಂದ. ನನ್ನ ಕ್ಯಾಮೆರಾ ಕಣ್ಣೆವೆ ಬಡಿಯುವುದಕ್ಕಿಂತ ಬೇಗ ಚಿತ್ರ ತೆಗೆಯುತ್ತಿತ್ತು, ಆದರೂ ಬಜಾರಿನ ಜನ ನನ್ನ ಚಿತ್ರದಲ್ಲಿಲ್ಲ.

ಅಂದಿನಿಂದ ಏನನ್ನೂ ಅಳಿಸುವುದಿಲ್ಲ. ಈಗ ಫೋನಿನಲ್ಲೇ ಆಕಾಶವನ್ನು ಬದಲಿಸಬಹುದು, ಬೋಳು ಆಕಾಶಕ್ಕೆ ಬೇರೆ ಊರಿನ ಮೋಡ ಹಚ್ಚಬಹುದು. ಯುವಕ ಗೆಳೆಯರು ಇದರಲ್ಲಿ ಏನು ತಪ್ಪು ಎಂದು ಕೇಳುತ್ತಾರೆ. ನಾನು ಬಾದಾಮಿಯ ಪಟ್ಟೆಯನ್ನು ತೋರಿಸುತ್ತೇನೆ. ಆ ಕಲ್ಲಿಗೆ ಆ ಬಣ್ಣ ಕೊಟ್ಟದ್ದು ಆವತ್ತಿನ ಮಳೆ, ಆವತ್ತಿನ ಮೋಡ. ಮೋಡ ಬದಲಿಸಿದರೆ ಕಲ್ಲು ಸುಳ್ಳು ಹೇಳಿದಂತಾಗುತ್ತದೆ. ಬೆಳಕು ಕಪ್ಪುಮಾಡುವುದು, ತಿಳಿಮಾಡುವುದು, ಫಿಲ್ಟರು ಹಾಕುವುದು ಇದನ್ನೆಲ್ಲ ನಾನೂ ಮಾಡುತ್ತೇನೆ, ಆಡಮ್ಸ್ ಮಾಡಿದ್ದೂ ಅದನ್ನೇ. ಇದ್ದದ್ದನ್ನು ಗಟ್ಟಿಯಾಗಿ ಹೇಳುವುದಕ್ಕೆ ನನ್ನ ತಕರಾರಿಲ್ಲ.

ಹೊರಗಿನ ಪಡಸಾಲೆಯಲ್ಲಿ ಹನ್ನೆರಡು ಚೌಕಟ್ಟು ತೂಗುಹಾಕಿದ್ದೇವೆ. ಒಂದು ರೋಲಿನ ಲೆಕ್ಕ ಅದು. ಮೊದಲನೆಯದು ಜೋಳದ ಹೊಲದ ಗುಮ್ಮಟ, ಅಪ್ಪ ಮೊಳೆ ಹೊಡೆದು ಹಾಕಿದ್ದ ಅದೇ ಪ್ರಿಂಟು, ಮೂಲೆ ಸ್ವಲ್ಪ ಗೆದ್ದಲು ತಿಂದಿದೆ. ಬೆಳಿಗ್ಗೆ ಅವನ್ನೆಲ್ಲ ಅಪ್ಪನ ತೂಗುಗುಂಡು ಇಳಿಬಿಟ್ಟೇ ನೆಟ್ಟಗೆ ಮಾಡಿದ್ದೇನೆ. ಹನ್ನೆರಡನೆಯ ಚೌಕಟ್ಟು ಖಾಲಿ ಇದೆ, ಅದು ಬಜಾರಿಗೆ. ನಿಮ್ಮ ಮನೆಯ ಆಲ್ಬಮ್ಮುಗಳಲ್ಲಿ 2011ಕ್ಕೆ ಮುಂಚಿನ ಹಂಪಿಯ ಚಿತ್ರ ಇದ್ದರೆ, ಶಾಲೆಯ ಪ್ರವಾಸದ್ದೋ ಮದುವೆಯಾದ ಹೊಸತರಲ್ಲಿ ಹೋದದ್ದೋ ಯಾವುದಾದರೂ ಸರಿ, ನಿಮ್ಮವರ ಬೆನ್ನಹಿಂದೆ ಒಂದು ತಗಡಿನ ಚಪ್ಪರ, ಒಂದು ಒಣಗಲು ಹಾಕಿದ ಸೀರೆ ಕಾಣುತ್ತಿದ್ದರೆ, ದಯವಿಟ್ಟು ತಂದುಕೊಡಿ. ಪ್ರತಿ ಮಾಡಿಸಿಕೊಂಡು ಮೂಲವನ್ನು ಜೋಪಾನವಾಗಿ ಹಿಂದಿರುಗಿಸುತ್ತೇನೆ.